ಗರುಡದ ದಿಕ್ಕಿನ ತಣ್ಣನೆ ಮೋಡ

೧೯೮೫ರ ಮೇ ತಿಂಗಳ ಮೊದಲ ವಾರ ವಿನೋದಾ ಬೆಂಗಳೂರಿನಿಂದ ಊರಿಗೆ ಬಂದಾಗ ಅವಳ ಕಂಕುಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಕಾಗದದ ಸುರುಳಿ ಇತ್ತು. ಉಡುಪಿಯಲ್ಲಿ ಇಳಿದು ಇನ್ನಂಜೆಯ ಬಸ್ಸು ಹತ್ತುವಾಗ ಕಂಡಕ್ಟರ್ ಅಣ್ಣು ಅದನ್ನು ನೋಡಿ, "ಎಂತ ಟೀಚರ್, ಕ್ಯಾಲೆಂಡರ್ ಈಗ ತಂದದ್ದಾ? ವರ್ಷ ಅರ್ಧ ಆಗ್ತಾ ಬಂತು" ಎಂದು ತಮಾಷೆ ಮಾಡಿದ.

"ಕ್ಯಾಲೆಂಡರ್ ಅಲ್ಲ ಅಣ್ಣು, ಗ್ರಾಫ್" ಎಂದಳು.

"ಓ, ನಕ್ಷತ್ರದ್ದಾ? ಪೇಪರಿನಲ್ಲಿ ಬಂದಿತ್ತಲ್ಲ!" ಎಂದು ಅವನು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ. ನಾಲ್ಕಾರು ತಲೆಗಳು ತಿರುಗಿದವು. ವಿನೋದಾ ನಾಚಿಕೊಂಡು ಕಿಟಕಿಯ ಕಡೆ ಮುಖ ಮಾಡಿದಳು. ಆದರೆ ಅವಳಿಗೆ ಸಂತೋಷವೂ ಆಗಿತ್ತು. ಆ ವರ್ಷದ ಫೆಬ್ರವರಿಯಿಂದ ಅವಳು ಒಂದು ಬಗೆಯ ಹಗುರದಲ್ಲಿ ಓಡಾಡುತ್ತಿದ್ದಳು.

ಇನ್ನಂಜೆಯಲ್ಲಿ ಅವಳಿಗೆ ಟೀಚರ್ ಎಂಬ ಹೆಸರು ಹಳೆಯದು. ಉಡುಪಿಯಲ್ಲಿ ಬಿ.ಎಸ್ಸಿ., ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ೧೯೭೬ರಲ್ಲಿ ಮಣಿಪಾಲದ ಒಂದು ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಸೇರಿದ್ದಳು. ಅವಳು ಮೈಸೂರಿನಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರು. ಅಣ್ಣ ಸರ್ವೋತ್ತಮನಿಗೆ ಉಡುಪಿಯಲ್ಲಿ ಪಾತ್ರೆ ಅಂಗಡಿ. ಬೆಳಿಗ್ಗೆ ಹೋಗಿ ಕತ್ತಲಾಗುವಾಗ ಮನೆಗೆ ಬರುತ್ತಿದ್ದ. ಅವಳ ಓದಿಗೆ ಯಾರು ಏನೇ ಅಂದರೂ ಅವಳ ಬೆನ್ನಿಗೆ ನಿಂತವನು ಅವನೇ. ತಾಯಿ ಅಪ್ಪಿಗೆ ಹಿತ್ತಿಲಿನ ಮಲ್ಲಿಗೆ ಗಿಡಗಳೇ ಲೋಕ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಶಂಕರಪುರದ ಹೂವಿನ ಕಟ್ಟೆಗೆ ಮಾರಲು ಕಳಿಸಿದರೆ ಅವರ ದಿನ ಮುಗಿದಂತೆ.

ಮಣಿಪಾಲದಲ್ಲಿ ವಿನೋದಾ ಏಳು ವರ್ಷ ಕಲಿಸಿದಳು. ಅದೇ ಲೋಲಕ, ಅದೇ ಪ್ರಿಸಮ್, ಪ್ರತಿ ಜೂನ್‌ನಲ್ಲಿ ಅದೇ ವಯಸ್ಸಿನ ಹೊಸ ಮಕ್ಕಳು. ಬಂದ ಸಂಬಂಧಗಳು ಒಂದೊಂದು ಕಾರಣಕ್ಕೆ ತಪ್ಪಿ, ಆಮೇಲೆ ಬರುವುದೇ ನಿಂತಿತು. ಅದರ ಬಗ್ಗೆ ಅವಳು ಹೆಚ್ಚು ಅತ್ತವಳಲ್ಲ. ಆದರೆ ಸಂಜೆ ಲ್ಯಾಬಿಗೆ ಬೀಗ ಹಾಕಿ ಗುಡ್ಡದ ಮೇಲಿಂದ ಬಸ್ಸಿಗೆ ಇಳಿಯುವಾಗ, ದೂರದ ಸಮುದ್ರದ ಗೆರೆ ಕಾಣುವ ತಿರುವಿನಲ್ಲಿ, ಇಷ್ಟೇ ಏನೋ ಎಂಬ ಒಂದು ಭಾವ ಬಂದು ಎದೆಯ ಮೇಲೆ ಕುಳಿತುಕೊಳ್ಳುತ್ತಿತ್ತು.

೧೯೮೨ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಕಾಲೇಜು ಅಧ್ಯಾಪಕರಿಗಾಗಿ ಶಿಬಿರ ನಡೆಸಿತು. ಅಲ್ಲಿ ಜಾರ್ಜ್ ಎಂಬ ವಿಜ್ಞಾನಿ ಆಕಾಶಗಂಗೆಯ ಒಂದು ಫೋಟೋ ತೋರಿಸಿ, ನಕ್ಷತ್ರಗಳಿಲ್ಲದ ಕಪ್ಪು ಜಾಗದ ಮೇಲೆ ಬೆರಳಿಟ್ಟು, "ಇದು ಖಾಲಿ ಜಾಗ ಅಲ್ಲ. ಇಲ್ಲಿ ಅನಿಲದ ಮೋಡ ಉಂಟು. ನಕ್ಷತ್ರಗಳು ಹುಟ್ಟುವುದು ಇದರ ಒಳಗೆ" ಎಂದರು. ಮೋಡದ ಒಳಗಿನ ಬೆಳಕು ಹೊರಗೆ ಬರುವುದಿಲ್ಲ. ಆದರೆ ಅನಿಲದ ಅಣುಗಳು ತೀರಾ ಸಣ್ಣ ರೇಡಿಯೋ ಅಲೆಗಳನ್ನು ಕಳಿಸುತ್ತವೆ, ಒಂದೊಂದು ಅಣುವಿಗೆ ಒಂದೊಂದು ಶ್ರುತಿ. ಕೆಲವು ಅಲೆಗಳಂತೂ ಅನಿಲ ಬೆಚ್ಚಗಾಗಿದ್ದರೆ ಮಾತ್ರ ಹೊರಡುತ್ತವೆ. ಅಂಥ ಅಲೆ ಸಿಕ್ಕಿದರೆ ಒಳಗೆ ಹೊಸ ನಕ್ಷತ್ರವೊಂದು ಸುತ್ತಲಿನ ಅನಿಲವನ್ನು ಕಾಯಿಸುತ್ತಿದೆ ಎಂದು ತಿಳಿಯಬಹುದು.

ಮುಂದಿನ ವರ್ಷ ವಿನೋದಾ ಕೆಲಸ ಬಿಟ್ಟು, ಮೂವತ್ತನೆಯ ವಯಸ್ಸಿನಲ್ಲಿ, ಜಾರ್ಜ್ ಸರ್ ಕೈಕೆಳಗೆ ಸಂಶೋಧನೆಗೆ ಸೇರಿದಳು. ಸಂಸ್ಥೆಯವರು ಆಗಷ್ಟೇ ಕಟ್ಟಿ ನಿಲ್ಲಿಸಿದ್ದ ರೇಡಿಯೋ ದುರ್ಬೀನು ದೊಡ್ಡ ಬಟ್ಟಲಿನಂತಿತ್ತು. ಅದಕ್ಕೆ ಹಗಲಿನ ಬೆಳಕಿನ ಅಡ್ಡಿಯಿಲ್ಲ. ಫೆಬ್ರವರಿಯಲ್ಲಿ ಗರುಡ ನಕ್ಷತ್ರಪುಂಜ ಬೆಳಗಿನ ಹೊತ್ತು, ಬಿಸಿಲಿನಲ್ಲೇ, ನೆತ್ತಿಯ ಹತ್ತಿರ ಬರುತ್ತದೆ. ಆ ದಿಕ್ಕಿನಲ್ಲಿ ಯಾರೂ ಅಷ್ಟಾಗಿ ಗಮನಿಸದಿದ್ದ ಒಂದು ಸಣ್ಣ ಮೋಡವನ್ನು ಅವಳು ಆರಿಸಿಕೊಂಡಿದ್ದಳು. ದಿನಾ ಬೆಳಿಗ್ಗೆ ಒಬ್ಬಳೇ ಯಂತ್ರದ ಕೋಣೆಯಲ್ಲಿ ಕುಳಿತು, ಕಾಗದದ ಮೇಲೆ ಪೆನ್ನು ನಡುಗುತ್ತಾ ಗೆರೆ ಎಳೆಯುವುದನ್ನು ನೋಡುತ್ತಿದ್ದಳು. ಹಲವು ಬೆಳಗುಗಳ ಗೆರೆಗಳನ್ನು ಒಟ್ಟು ಸೇರಿಸಿದಾಗ, ನಡುಕದ ನಡುವೆ ಒಂದು ಸಣ್ಣ ಉಬ್ಬು ಕಂಡಿತು. ಬೆಚ್ಚಗಿನ ಅನಿಲದ ಅಲೆ ಎಲ್ಲಿ ಬರಬೇಕೋ ಸರಿಯಾಗಿ ಅಲ್ಲೇ.

ಜಾರ್ಜ್ ಸರ್ ಬಂದು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ವಿನೋದಾ, ಇದು ಉಂಟು ಅಂತ ಕಾಣುತ್ತದೆ" ಎಂದರು. ಅವರು ಯಾವತ್ತೂ ಅದಕ್ಕಿಂತ ಹೆಚ್ಚು ಹೊಗಳಿದವರಲ್ಲ. ತಿಂಗಳೊಳಗೆ ಇಬ್ಬರ ಹೆಸರಿನಲ್ಲಿ ಪ್ರಬಂಧ ಬರೆದು ವಿದೇಶದ ಒಂದು ಪತ್ರಿಕೆಗೆ ಕಳಿಸಿದರು. ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳುವುದಕ್ಕೆ ಏಪ್ರಿಲ್ ಕೊನೆಯಲ್ಲಿ ಅವಳಿಗೆ ದುರ್ಬೀನಿನ ಸಮಯ ಸಿಕ್ಕಿತು. ಆಗ ತೆಗೆದ ಗ್ರಾಫುಗಳೇ ಈಗ ಕಂಕುಳಲ್ಲಿದ್ದದ್ದು. ಲೆಕ್ಕ ಮಾಡುವುದು ಬಾಕಿ ಇತ್ತು. ರಜೆಯಲ್ಲಿ ಮನೆಯಲ್ಲೇ ಮಾಡೋಣ ಎಂದು ತಂದಿದ್ದಳು.

ಅಷ್ಟರಲ್ಲಿ ಸರ್ವೋತ್ತಮ ಪೇಪರಿನವರಿಗೆ ಹೇಳಿಬಿಟ್ಟಿದ್ದ. 'ಇನ್ನಂಜೆಯ ಮಹಿಳೆಯಿಂದ ಹೊಸ ನಕ್ಷತ್ರದ ಶೋಧ' ಎಂದು ಫೋಟೋ ಸಮೇತ ಬಂದಿತ್ತು. ಪಕ್ಕದ ಕಾಪುವಿನ ಯುವಕ ಸಂಘದವರು ಮೇ ಕೊನೆಗೆ ಸನ್ಮಾನ ಇಟ್ಟುಕೊಂಡಿದ್ದರು.

ಮನೆಯ ಚಾವಡಿಯಲ್ಲಿ ತಾಯಿ ಒಂದು ಬದಿಗೆ ಮಲ್ಲಿಗೆ ಕಟ್ಟುತ್ತಾ ಕುಳಿತರೆ, ಇನ್ನೊಂದು ಬದಿಗೆ ವಿನೋದಾ ಗ್ರಾಫು ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಅಕ್ಕಿ ಅಳೆಯುವ ಸೇರು, ಲೋಟ ಇಟ್ಟು ಕೂರುತ್ತಿದ್ದಳು.

"ಅದು ಎಷ್ಟು ಬಿಸಿ ಉಂಟು ಮಗಾ, ನಿನ್ನ ಮೋಡ?" ಎಂದು ಅಪ್ಪಿ ಒಮ್ಮೆ ಕೇಳಿದರು.

"ಬಿಸಿ ಅಲ್ಲ ಅಮ್ಮ, ಬೆಚ್ಚಗೆ. ಮಂಜುಗಡ್ಡೆಗಿಂತ ನೂರೈವತ್ತು ಡಿಗ್ರಿ ಕೆಳಗೆ."

ಅಪ್ಪಿ ಕೈ ನಿಲ್ಲಿಸಿ ಮಗಳ ಮುಖ ನೋಡಿದರು. "ಅದು ಬೆಚ್ಚಗೆಯಾ?"

"ಉಳಿದ ಮೋಡಗಳು ಅದಕ್ಕಿಂತಲೂ ಎಷ್ಟೋ ತಣ್ಣಗೆ. ಅವುಗಳ ಲೆಕ್ಕದಲ್ಲಿ ಇದು ಬೆಚ್ಚಗೆ."

"ಪಾಪ" ಎಂದರು ಅಪ್ಪಿ, ಯಾವುದಕ್ಕೆ ಎಂದು ಹೇಳದೆ, ಮತ್ತೆ ನಾರು ಸುತ್ತತೊಡಗಿದರು.

ಲೆಕ್ಕದಲ್ಲಿ ಮಾಡಬೇಕಾದ ಮುಖ್ಯ ಕೆಲಸ ಒಂದಿತ್ತು. ಭೂಮಿ ಸೂರ್ಯನ ಸುತ್ತ ಓಡುತ್ತಾ ವರ್ಷದ ಕೆಲವು ತಿಂಗಳು ಆ ಮೋಡದ ಕಡೆಗೆ ಹೋಗುತ್ತದೆ, ಕೆಲವು ತಿಂಗಳು ಅದರಿಂದ ದೂರ ಸರಿಯುತ್ತದೆ. ಎದುರಿನಿಂದ ಬರುವ ಬಸ್ಸಿನ ಹಾರ್ನ್ ತುಸು ಏರಿದ ಶ್ರುತಿಯಲ್ಲಿ ಕೇಳುವಂತೆ, ಅಲೆಯ ಶ್ರುತಿಯೂ ಇದರಿಂದ ಸ್ವಲ್ಪ ಬದಲಾಗುತ್ತದೆ. ಆ ದುರ್ಬೀನಿನಲ್ಲಿ ಯಂತ್ರವನ್ನು ಒಂದೇ ಶ್ರುತಿಗೆ ನಿಲ್ಲಿಸಿ, ಈ ಬದಲಾವಣೆಯನ್ನು ಆಮೇಲೆ ಕಾಗದದ ಮೇಲೆ ಸರಿಪಡಿಸುತ್ತಿದ್ದರು. ಫೆಬ್ರವರಿಗಿಂತ ಏಪ್ರಿಲ್‌ನಲ್ಲಿ ಭೂಮಿ ಆ ಮೋಡದ ಕಡೆಗೆ ಇನ್ನೂ ಜೋರಾಗಿ ಓಡುತ್ತಿರುತ್ತದೆ. ಹಾಗಾಗಿ ಉಬ್ಬು ಗ್ರಾಫಿನಲ್ಲಿ ಸ್ವಲ್ಪ ಬಲಕ್ಕೆ ಸರಿದಿರಬೇಕು. ಲೆಕ್ಕ ಸರಿಪಡಿಸಿದ ಮೇಲೆ ಎರಡೂ ಒಂದೇ ಜಾಗಕ್ಕೆ ಬಂದು ಕೂಡಬೇಕು.

ಏಪ್ರಿಲ್‌ನ ಗೆರೆಗಳನ್ನು ಕೂಡಿಸಿದಾಗ ಉಬ್ಬು ಸ್ಪಷ್ಟವಾಗಿಯೇ ಬಂತು. ಆಮೇಲೆ ಸ್ಕೇಲ್ ಇಟ್ಟು ನೋಡಿದಳು. ಉಬ್ಬು ಬಲಕ್ಕೆ ಸರಿಯುವ ಬದಲು ಎಡಕ್ಕೆ ಸರಿದಿತ್ತು.

ಕೂಡಿಸುವಲ್ಲಿ ಕಳೆದಿರಬೇಕು ಎಂದುಕೊಂಡು ಇನ್ನೊಮ್ಮೆ ಮಾಡಿದಳು. ಊಟ ಮಾಡಿ ಬಂದು ಮತ್ತೆ ಮಾಡಿದಳು. ತಾಯಿ ಕಟ್ಟಿದ ಹೂವನ್ನು ಬಾಳೆಲೆಯಲ್ಲಿ ಸುತ್ತಿ ಕಳಿಸಿಯೂ ಆಯಿತು. ಮರುದಿನ ಗ್ರಾಫುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟಳು. ಎಷ್ಟು ಬಲಕ್ಕೆ ಹೋಗಬೇಕಿತ್ತೋ ಸರಿಯಾಗಿ ಅಷ್ಟೇ ಎಡಕ್ಕೆ ಹೋಗಿತ್ತು. ತಪ್ಪು ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ. ಕನ್ನಡಿಯಲ್ಲಿ ಬಲಗೈ ಎಡಗೈ ಆದ ಹಾಗೆ, ಎಂದು ಅನ್ನಿಸಿತು. ಆ ಮಾತು ಮನಸ್ಸಿಗೆ ಬಂದ ಕ್ಷಣವೇ ಅವಳಿಗೆ ಎಲ್ಲ ತಿಳಿದುಹೋಯಿತು.

ಆ ಕಾಲದ ರಿಸೀವರಿಗೆ ಒಂದು ಗುಣವಿತ್ತು. ಬೇಕಾದ ಶ್ರುತಿಯ ಜೊತೆಗೆ, ಯಂತ್ರದ ನಡುಶ್ರುತಿಯ ಆಚೆ ಬದಿಯಲ್ಲಿ ಅಷ್ಟೇ ದೂರದಲ್ಲಿರುವ ಇನ್ನೊಂದು ಶ್ರುತಿಯೂ ಒಳಗೆ ನುಗ್ಗುತ್ತಿತ್ತು. ಎರಡೂ ಒಂದೇ ಗ್ರಾಫಿನ ಮೇಲೆ ಬೀಳುತ್ತಿದ್ದವು, ಆದರೆ ಆಚೆ ಬದಿಯದ್ದು ಕನ್ನಡಿಯಲ್ಲಿ ಬಿದ್ದಂತೆ ತಿರುಗಿ ಬೀಳುತ್ತಿತ್ತು. ಇದು ಅವರಿಗೆ ಗೊತ್ತಿಲ್ಲದ್ದಲ್ಲ. ಆ ಬದಿಯಲ್ಲಿ, ಆ ಜಾಗದಲ್ಲಿ, ತಿಳಿದಿರುವ ಯಾವ ಅಣುವಿನ ಅಲೆಯೂ ಇಲ್ಲವೆಂದು ನೋಡಿಕೊಂಡೇ ಮುಂದೆ ಹೋಗಿದ್ದರು. ತಿಳಿಯದ್ದು ಒಂದು ಇತ್ತು. ಅವಳು ಕಂಡದ್ದು ಬೆಚ್ಚಗಿನ ಅನಿಲವನ್ನಲ್ಲ. ಬೇರೆ ಯಾವುದೋ ಅಣುವಿನ ಅಲೆಯನ್ನು, ಅದು ಇಲ್ಲದ ಜಾಗದಲ್ಲಿ.

ವಿನೋದಾ ಗ್ರಾಫು ಸುತ್ತಿಟ್ಟು, ಸೀರೆ ಬದಲಿಸಿ, ಉಡುಪಿಗೆ ಹೋದಳು. ಅಂಚೆ ಕಚೇರಿಯಲ್ಲಿ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕಾದಳು. ಪಕ್ಕದಲ್ಲಿ ಬೊಂಬಾಯಿಗೆ ಕಾಲ್ ಬುಕ್ ಮಾಡಿದ್ದ ಒಬ್ಬ ಮುದುಕ ತನ್ನ ಮಗಳ ಬಾಣಂತನದ ಕಥೆ ಹೇಳುತ್ತಿದ್ದ. ಅವಳು ಹೂಂ ಹೂಂ ಎನ್ನುತ್ತಿದ್ದಳು. ಒಂದು ಮಾತೂ ಕಿವಿಗೆ ಇಳಿಯಲಿಲ್ಲ.

ಲೈನ್ ಸಿಕ್ಕಿದಾಗ ಜಾರ್ಜ್ ಸರ್, "ಪ್ಲಸ್ ಮೈನಸ್ ಅದಲು ಬದಲು ಆಗಿರಬಹುದು. ಇನ್ನೊಮ್ಮೆ ನೋಡು" ಎಂದರು.

"ಮೂರು ಸಲ ನೋಡಿದೆ ಸರ್. ಮೋಡದ ಇನ್ನೊಂದು ಅಲೆ, ನಾವು ಹೋಲಿಕೆಗೆ ತೆಗೆದದ್ದು, ಅದು ಸರಿಯಾಗಿ ಬಲಕ್ಕೆ ಹೋಗಿದೆ. ಇದು ಮಾತ್ರ ಎಡಕ್ಕೆ. ಇದು ಆಚೆ ಬದಿಯದ್ದು ಸರ್."

ತುಂಬಾ ಹೊತ್ತು ತಂತಿಯಲ್ಲಿ ಬರೀ ಗೊರಗೊರ ಸದ್ದು. ಲೈನ್ ಕಡಿಯಿತೇನೋ ಎಂದು ಅವಳು "ಹಲೋ, ಹಲೋ" ಎಂದಳು.

"ಇದ್ದೇನೆ" ಎಂದರು ಅವರು. "ಪ್ರಬಂಧ ಇನ್ನೂ ಅಚ್ಚಾಗಿಲ್ಲ. ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಇವತ್ತೇ ಬರೆಯುತ್ತೇನೆ. ನೀನು ನೋಡಿದ್ದು ಒಳ್ಳೆಯದಾಯಿತು." ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಆದರೆ ಮುದಿಯಾದಂತೆ ಕೇಳಿತು.

ಅಲ್ಲಿಂದ ಅವಳು ನೇರ ಅಣ್ಣನ ಅಂಗಡಿಗೆ ಹೋದಳು. ಸರ್ವೋತ್ತಮ ಯಾರಿಗೋ ಕುಕ್ಕರ್ ತೋರಿಸುತ್ತಿದ್ದ. ಗಿರಾಕಿ ಹೋದ ಮೇಲೆ ಅವಳು ಹೇಳಿದಳು. ಅವನಿಗೆ ಅರ್ಥವಾದದ್ದು ಇಷ್ಟೇ: ಪೇಪರಿನಲ್ಲಿ ಬಂದದ್ದು ನಿಜವಲ್ಲ.

"ಸನ್ಮಾನದ ಆಮಂತ್ರಣ ಪ್ರಿಂಟ್ ಆಗಿ ಹಂಚಿಯೂ ಆಯಿತು" ಎಂದ. "ಕಾಲೇಜಿನ ಪ್ರಿನ್ಸಿಪಾಲರು ಭಾಷಣಕ್ಕೆ ಬರ್ತಾರೆ. ಶಾಮಿಯಾನ ಹೇಳಿ ಆಗಿದೆ. ಈಗ ನಾನು ಸಂಘದವರಿಗೆ ಎಂತ ಹೇಳುವುದು?"

"ಇದ್ದದ್ದು ಹೇಳು. ಸನ್ಮಾನ ಬೇಡ ಅಂತ ಹೇಳು."

"ನಿನ್ನ ಮೋಡ ಬೆಚ್ಚಗೆ ಉಂಟೋ ತಣ್ಣಗೆ ಉಂಟೋ, ಕಾಪುವಿನಲ್ಲಿ ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ? ಯಾರು ಹೋಗಿ ಮುಟ್ಟಿ ನೋಡ್ತಾರೆ?"

"ನನಗೆ ಗೊತ್ತಿದೆಯಲ್ಲ ಅಣ್ಣ."

ಸರ್ವೋತ್ತಮ ಕುಕ್ಕರಿನ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಾ ನಿಂತ. ಅವನು ಕೆಟ್ಟ ಮನುಷ್ಯನಲ್ಲ. ತಂಗಿಯನ್ನು ಮೈಸೂರಿಗೆ ಕಳಿಸಿದಾಗ, ಇದ್ದ ಕೆಲಸ ಬಿಡಲು ಬಿಟ್ಟಾಗ, ಊರವರು ಆಡಿದ್ದನ್ನೆಲ್ಲ ಕೇಳಿಸಿಕೊಂಡವನು ಅವನು. ಒಂದು ದಿನ ಅವರೆಲ್ಲರ ಎದುರಿಗೆ ತಂಗಿಯನ್ನು ಖುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುವುದನ್ನು ನೋಡಬೇಕೆಂದಿದ್ದ. ಅದು ವಿನೋದಾಳಿಗೂ ಗೊತ್ತಿತ್ತು. "ಸರಿ, ಬರ್ತೇನೆ" ಎಂದಳು. "ಆದರೆ ಮೈಕಿನಲ್ಲಿ ನಿಜವನ್ನೇ ಹೇಳ್ತೇನೆ."

"ಏನು ಬೇಕಾದರೂ ಹೇಳು. ಬಂದರೆ ಸಾಕು" ಎಂದ ಸರ್ವೋತ್ತಮ.

ಕಾಪುವಿನ ಶಾಲೆಯ ಅಂಗಳದಲ್ಲಿ ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಸಭೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಪ್ರಿನ್ಸಿಪಾಲರ ಭಾಷಣ. ಆರ್ಯಭಟನಿಂದ ಹಿಡಿದು ಇನ್ನಂಜೆಯವರೆಗೆ ಅವರು ಒಂದೇ ಉಸಿರಿನಲ್ಲಿ ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಮಾನಪತ್ರ ಎಲ್ಲ ಆಯಿತು. ಕೊನೆಗೆ ವಿನೋದಾ ಮೈಕಿನ ಎದುರು ನಿಂತಳು. ಮುಂದಿನ ಸಾಲಿನಲ್ಲಿ ಅಪ್ಪಿ ತಲೆತುಂಬ ಮಲ್ಲಿಗೆ ಮುಡಿದು ಕುಳಿತಿದ್ದರು.

"ನಾನು ಹೇಳುವುದನ್ನು ದಯವಿಟ್ಟು ಸರಿಯಾಗಿ ಕೇಳಬೇಕು" ಎಂದು ಅವಳು ಶುರುಮಾಡಿದಳು. "ಫೆಬ್ರವರಿಯಲ್ಲಿ ನಾವು ಕಂಡದ್ದು ಬೆಚ್ಚಗಿನ ಅನಿಲ ಎಂದು ತಿಳಿದುಕೊಂಡಿದ್ದೆವು. ಈಗ ನೋಡಿದರೆ ಅದು ಹಾಗಲ್ಲ. ಅದು ಬೇರೆ ಅಲೆ, ಯಂತ್ರದೊಳಗೆ ಜಾಗ ತಪ್ಪಿ ಬಂದದ್ದು. ಹೊಸ ನಕ್ಷತ್ರ ನಾನು ಕಂಡುಹಿಡಿದಿಲ್ಲ. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಈ ಸನ್ಮಾನಕ್ಕೆ ಕಾರಣವಾದ ಸಂಗತಿ ನಡೆದೇ ಇಲ್ಲ. ನಿಮ್ಮ ಪ್ರೀತಿಗೆ ನಾನು ಋಣಿ, ಆದರೆ ಇದನ್ನು ಹೇಳದೆ ಕೂರುವುದಕ್ಕೆ ನನ್ನಿಂದ ಆಗುವುದಿಲ್ಲ."

ಅವಳು ನಿಲ್ಲಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು, ಅಪ್ಪಿಯೂ ತಟ್ಟಿದರು. ಪ್ರಿನ್ಸಿಪಾಲರು ಎದ್ದು ಮೈಕು ಹಿಡಿದು, "ನೋಡಿ, ದೊಡ್ಡ ವಿಜ್ಞಾನಿಗಳ ವಿನಯ ಎಂದರೆ ಇದು!" ಎಂದರು. ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು. ವಂದನಾರ್ಪಣೆ ಮಾಡಿದವರು 'ನಕ್ಷತ್ರವನ್ನು ಕಂಡುಹಿಡಿದ ನಮ್ಮ ವಿನೋದಾ ಅವರಿಗೆ' ಎಂದೇ ಧನ್ಯವಾದ ಹೇಳಿದರು.

ವಿನೋದಾ ಖುರ್ಚಿಯಲ್ಲಿ ಕುಳಿತೇ ಇದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಕ್ಕಿದ್ದರೂ ಆಗುತ್ತಿತ್ತು. ಅಷ್ಟು ಜನರ ಮಧ್ಯೆ, ಅವಳಿಗೆ ಏನೋ ಒಂದು ತೀರಿಹೋಗಿದೆ ಎಂದು ಒಬ್ಬರಿಗೂ ತಿಳಿಯಲಿಲ್ಲ. ಜನ ಬಂದು ಬಂದು ಕೈಮುಗಿದರು, ಅವಳೂ ಕೈಮುಗಿದಳು. ಸರ್ವೋತ್ತಮ ಹಣ್ಣಿನ ಬುಟ್ಟಿಯನ್ನು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನವರೆಗೂ ನಗುತ್ತಲೇ ನಡೆದ.

ಮೂರನೆಯ ದಿನ ಮಧ್ಯಾಹ್ನ ವಿನೋದಾ ಕಾಪುವಿಗೆ ಹೋಗಿ ಮುನೀರಾಳ ಮನೆಯ ಬಾಗಿಲು ತಟ್ಟಿದಳು.

ಮುನೀರಾ ಏಳನೆಯ ತರಗತಿಯವರೆಗೆ ಇನ್ನಂಜೆಯ ಶಾಲೆಯಲ್ಲಿ ಅವಳ ಪಕ್ಕದಲ್ಲೇ ಕುಳಿತವಳು. ಆಮೇಲೆ ಶಾಲೆ ಬಿಡಿಸಿದರು, ಕಾಪುವಿಗೆ ಮದುವೆ ಮಾಡಿ ಕೊಟ್ಟರು. ಗಂಡ ಸಲಾಂ ದುಬಾಯಿಯಲ್ಲಿ ಒಂದು ಅಂಗಡಿಯಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಕಣ್ಣು ಮಂಜಾದ ಅತ್ತೆ ಖತೀಜಾ, ಮುನೀರಾ, ಮತ್ತು ಸಲಾಂ ತಂದುಕೊಟ್ಟಿದ್ದ ದೊಡ್ಡ ಜಪಾನ್ ರೇಡಿಯೋ. ಗೆಳತಿಯರು ಇಬ್ಬರೂ ಮಾತಾಡುವುದು ಚಿಕ್ಕಂದಿನ ತುಳುವಿನಲ್ಲೇ.

"ಸಭೆಗೆ ಬರ್ಲಿಕ್ಕೆ ಆಗ್ಲಿಲ್ಲ, ಅತ್ತೆಗೆ ಜ್ವರ" ಎಂದು ಮುನೀರಾ ಚಹಾ ತಂದಿಟ್ಟು ಹತ್ತಿರ ಕುಳಿತಳು. ಮುಖ ನೋಡಿ, "ಎಂತ ಆಯ್ತು?" ಎಂದಳು.

ವಿನೋದಾ ಹೇಳಲು ಹೊರಟಳು. ಅಣು, ಅಲೆ, ಭೂಮಿಯ ಓಟ ಎಲ್ಲ ಹೇಳಿ, ಅರ್ಧದಲ್ಲಿ ಸೋತು, "ಬಿಡು, ಅದು ಹೇಳಿದರೆ ತಿಳಿಯುವಂಥದ್ದಲ್ಲ. ಒಂದು ಅಲೆ ತನ್ನದಲ್ಲದ ಜಾಗದಲ್ಲಿ ಬಂದಿತು. ಅದನ್ನು ನಾನು ಬೇರೆಯದೇ ಎಂದುಕೊಂಡೆ" ಎಂದಳು.

ಮುನೀರಾ ಸ್ವಲ್ಪ ಯೋಚಿಸಿದಳು. "ರೇಡಿಯೋದಲ್ಲಿ ಒಂದೇ ಸ್ಟೇಶನ್ ಎರಡು ಕಡೆ ಬರ್ತದಲ್ಲ, ಹಾಗೆಯಾ?"

"ಎಂತ ಹೇಳಿದೆ?"

"ದುಬಾಯಿಯ ಸ್ಟೇಶನ್ ಒಂದು ಹಿಡೀತದೆ. ಸರಿಯಾದ ಜಾಗದಲ್ಲಿ ಒಮ್ಮೆ ಬರ್ತದೆ. ಆಮೇಲೆ ಮುಳ್ಳು ತಿರುಗಿಸ್ತಾ ಹೋದ್ರೆ ಆಚೆ ಇನ್ನೊಂದು ಜಾಗದಲ್ಲಿ ಅದೇ ಜನ, ಅದೇ ಪದ್ಯ, ಸಣ್ಣ ಸ್ವರದಲ್ಲಿ. ಮೊದಮೊದಲು ನಾನು ಅದು ಬೇರೆ ಊರಿನದ್ದು ಅಂತ ತಿಳಿದಿದ್ದೆ. ಅವರು ರಜೆಯಲ್ಲಿ ಬಂದಾಗ ಹೇಳಿದ್ರು, ಅದು ಸುಳ್ಳು ಸ್ಟೇಶನ್, ಅಲ್ಲಿ ಯಾರೂ ಇಲ್ಲ ಅಂತ."

ವಿನೋದಾ ಚಹಾದ ಲೋಟ ಕೆಳಗಿಟ್ಟಳು. "ಹಾಗೆಯೇ ಮುನೀರಾ. ಸರಿಯಾಗಿ ಹಾಗೆಯೇ. ಯಂತ್ರವೂ ಅದೇ ಜಾತಿಯದ್ದು."

"ಅಯ್ಯೋ ದೇವರೇ" ಎಂದಳು ಮುನೀರಾ. "ಹಾಗಾದ್ರೆ ನಿನ್ನ ಮೋಡದಲ್ಲಿ ಯಾವ ನಕ್ಷತ್ರವೂ ಹುಟ್ತಾ ಇಲ್ವಾ?" ಎಂದು ಕೇಳಿದಳು.

"ಗೊತ್ತಿಲ್ಲ. ಉಂಟು ಅಂತ ಹೇಳಲಿಕ್ಕೆ ನನ್ನ ಹತ್ತಿರ ಈಗ ಎಂಥದ್ದೂ ಇಲ್ಲ."

"ಫೆಬ್ರವರಿಯಿಂದ ಇಲ್ಲಿಯವರೆಗೆ ಖುಷಿಯಲ್ಲಿ ಇದ್ದಿ ಅಲ್ವಾ ನೀನು?"

"ಇದ್ದೆ" ಎಂದಳು ವಿನೋದಾ. "ಜೀವಮಾನದಲ್ಲಿ ಅಷ್ಟು ಖುಷಿಯಲ್ಲಿ ಇರಲಿಲ್ಲ." ಅಷ್ಟು ಹೇಳಿದ್ದೇ ತಡ, ಇಷ್ಟು ದಿನ ಬಾರದ ಅಳು ಒಮ್ಮೆಲೇ ಬಂತು. ಒಳಗಿನಿಂದ ಅತ್ತೆ "ಯಾರದು?" ಎಂದು ಕೇಳಿದಾಗ, "ನಮ್ಮ ವಿನೋದಾ ಉಮ್ಮಾ, ಶೀತ ಆಗಿದೆ" ಎಂದು ಮುನೀರಾ ಕೂಗಿ, ತಲೆವಸ್ತ್ರದ ತುದಿಯಿಂದ ಗೆಳತಿಯ ಮುಖ ಒರೆಸಿದಳು.

ಮುಂದೆ ನಡೆದದ್ದು ನಿಧಾನವಾಗಿ ನಡೆಯಿತು. ಬೆಂಗಳೂರಿನಲ್ಲಿ ಯಾರೂ ಅವಳನ್ನು ದೂರಲಿಲ್ಲ. ಆದರೆ ಪಿಎಚ್.ಡಿ.ಗೆ ಬೇಕಾದ ವಿಷಯವೇ ಕೈಯಲ್ಲಿ ಉಳಿದಿರಲಿಲ್ಲ. ಫೆಲೋಶಿಪ್ಪಿನ ಅವಧಿ ಮುಗಿಯಿತು. ಹೊಸದಾಗಿ ಆರಂಭಿಸುವ ವಯಸ್ಸು ತನ್ನದಲ್ಲ ಎಂದು ಅವಳಿಗೇ ಅನ್ನಿಸಿತು. ೧೯೮೬ರ ಜೂನ್‌ನಲ್ಲಿ ಕಾರ್ಕಳದ ಒಂದು ಕಾಲೇಜಿಗೆ ಅಧ್ಯಾಪಕಿಯಾಗಿ ಸೇರಿ, ಆನೆಕೆರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಅದೇ ವರ್ಷ ಸಲಾಂಗೆ ಕುಟುಂಬದ ವೀಸಾ ಸಿಕ್ಕಿತು. ಮುನೀರಾ ಅತ್ತೆಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು ದುಬಾಯಿಗೆ ಹೋದಳು. ಹೋಗುವ ಮುನ್ನ ಬಂದು, "ನಿನಗೆ ಅಲ್ಲಿಂದ ಎಂತ ಬೇಕು ಹೇಳು" ಎಂದಳು. ವಿನೋದಾಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಭಾನುವಾರಗಳಲ್ಲಿ ಇನ್ನಂಜೆಗೆ ಹೋದರೂ ಕಾಪುವಿನಲ್ಲಿ ಇಳಿಯಲು ಕಾರಣವಿರಲಿಲ್ಲ.

ಜನ ಮಾತ್ರ ಮರೆಯಲಿಲ್ಲ. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, "ಇವರೇ ನಕ್ಷತ್ರ ಕಂಡುಹಿಡಿದವರು" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಪ್ರತಿ ಸಲವೂ ವಿನೋದಾ, "ಇಲ್ಲ, ಅದು ತಪ್ಪಾಗಿತ್ತು" ಎನ್ನುತ್ತಿದ್ದಳು. ಪ್ರತಿ ಸಲವೂ ಅವರು ನಗುತ್ತಿದ್ದರು. ಚೌಕಟ್ಟಿನ ಮಾನಪತ್ರವನ್ನು ಸರ್ವೋತ್ತಮ ಚಾವಡಿಯಲ್ಲಿ ತಂದೆಯ ಫೋಟೋದ ಪಕ್ಕ ತೂಗುಹಾಕಿದ್ದ. ತೆಗೆ ಎಂದು ಹೇಳಿ ಹೇಳಿ ಅವಳು ಸುಮ್ಮನಾದಳು. ಅಪ್ಪಿ ದಿನಾ ಅದಕ್ಕೂ ಒಂದು ತುಂಡು ಮಲ್ಲಿಗೆ ಸಿಕ್ಕಿಸುತ್ತಿದ್ದರು.

೧೯೮೭ರ ಕೊನೆಗೆ ಜಾರ್ಜ್ ಸರ್ ಕಾಲೇಜಿಗೆ ಫೋನ್ ಮಾಡಿದರು. ಆಚೆ ಬದಿಯ ಅಲೆಯನ್ನು ತಡೆಯುವ ಹೊಸ ರಿಸೀವರ್ ಕೂರಿಸಿದ್ದಾರಂತೆ. "ಆ ಮೋಡವನ್ನು ಯಾರಾದರೂ ಸರಿಯಾಗಿ ನೋಡಿ ಮುಗಿಸಬೇಕು. ನಾನು ಬೇರೆ ಹುಡುಗರಿಗೆ ಕೊಡಬಹುದು. ಆದರೆ ಮೊದಲು ನಿನ್ನನ್ನು ಕೇಳೋಣ ಎಂದುಕೊಂಡೆ" ಎಂದರು.

"ಬರ್ತೇನೆ ಸರ್" ಎಂದಳು. ಎರಡು ಫೆಬ್ರವರಿಗಳಲ್ಲಿ, ಇದ್ದ ರಜೆಯನ್ನೆಲ್ಲ ಕೂಡಿಹಾಕಿ ಬೆಂಗಳೂರಿಗೆ ಹೋದಳು. ಕಾಲೇಜಿನಲ್ಲಿ ಬೆನ್ನುನೋವಿನ ಚಿಕಿತ್ಸೆ ಎಂದುಕೊಂಡಿದ್ದರು. ಅವಳು ಇಲ್ಲವೆನ್ನಲಿಲ್ಲ, ಅದೊಂದು ವಿಷಯದಲ್ಲಿ ಮಾತ್ರ.

ಮತ್ತೆ ಅದೇ ಕೋಣೆ, ಅದೇ ಬೆಳಗಿನ ಬಿಸಿಲು. ಪೆನ್ನಿನ ಬದಲು ಈಗ ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಮೂಡುತ್ತಿತ್ತು. ಸಂಸ್ಥೆಯಲ್ಲಿ ಹೊಸ ಮುಖಗಳೇ ಹೆಚ್ಚು. ಅವಳನ್ನು ಯಾರೋ ಅತಿಥಿ ಎಂದುಕೊಂಡು ಕ್ಯಾಂಟೀನಿಗೆ ದಾರಿ ತೋರಿಸಿದರು. ದಿನ ದಿನದ ಗೆರೆಗಳನ್ನು ಕೂಡಿಸುತ್ತಾ ಹೋದಂತೆ ನಡುಕ ಕಡಿಮೆಯಾಗುತ್ತಾ ಬಂತು. ಎರಡನೆಯ ಫೆಬ್ರವರಿಯ ಕೊನೆಗೆ ಗೆರೆ ಬಹುತೇಕ ಸಪಾಟಾಗಿತ್ತು. ಬೆಚ್ಚಗಿನ ಅನಿಲದ ಅಲೆ ಬರಬೇಕಾದ ಜಾಗದಲ್ಲಿ ಉಬ್ಬು ಇರಲಿಲ್ಲ. ಇದ್ದರೆ ಕಾಣದೇ ಇರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ನೋಡಿ ಆಗಿತ್ತು.

ಜಾರ್ಜ್ ಸರ್ ಬಂದು ಪಕ್ಕದಲ್ಲಿ ಕುಳಿತರು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ತಣ್ಣಗಿದೆ" ಎಂದರು.

"ಹೌದು ಸರ್. ಪೂರ್ತಿ ತಣ್ಣಗೆ. ಅಲ್ಲಿ ಇನ್ನೂ ಏನೂ ಶುರುವಾಗಿಲ್ಲ."

"ಬೇಜಾರಾಯಿತಾ?"

ವಿನೋದಾ ಪರದೆಯನ್ನೇ ನೋಡಿದಳು. ಬೇಜಾರಿಗಾಗಿ ತನ್ನೊಳಗೆ ಹುಡುಕಿದಳು. ಹಳೆಯದು ಸ್ವಲ್ಪ ಇತ್ತು, ಹೊಸದು ಇರಲಿಲ್ಲ. ಆ ಮೋಡ ಈಗ ಅವಳಿಗೆ ಮೊದಲ ಸಲ ನಿಜವಾಗಿ ಕಂಡಂತಿತ್ತು: ಹೊರಗಿನಿಂದ ಬೆಳಕು ಬಾರದ, 'ಬೆಚ್ಚಗೆ' ಎನ್ನುವುದಕ್ಕಿಂತಲೂ ಎಷ್ಟೋ ತಣ್ಣಗಿನ, ಯಾರೂ ಹುಟ್ಟದ ಜಾಗ. "ಇಲ್ಲ ಸರ್. ಈಗ ಗೊತ್ತಾಯಿತಲ್ಲ" ಎಂದಳು.

ಆ ಪ್ರಬಂಧ ೧೯೮೯ರಲ್ಲಿ ಅಚ್ಚಾಯಿತು. ನಾಲ್ಕೇ ಪುಟ. ಮೊದಲ ಹೆಸರು ಅವಳದ್ದು. ಆ ಮೋಡದಲ್ಲಿ ಬೆಚ್ಚಗಿನ ಅನಿಲ ಇಷ್ಟಕ್ಕಿಂತ ಹೆಚ್ಚು ಇರಲು ಸಾಧ್ಯವಿಲ್ಲ ಎಂಬುದು ಅದರ ಸಾರ. ಪೇಪರಿನವರಿಗೆ ಯಾರೂ ಹೇಳಲಿಲ್ಲ.

ಅಂಚೆಯಲ್ಲಿ ಪ್ರತಿ ಬಂದದ್ದು ಮಳೆಗಾಲದ ಒಂದು ಸೋಮವಾರ. ಸ್ಟಾಫ್ ರೂಮಿನಲ್ಲಿ ಲಕೋಟೆ ಒಡೆದು ನೋಡುತ್ತಿದ್ದಾಗ, ಎದುರಿನ ಮೇಜಿನಲ್ಲಿ ಕುಳಿತಿದ್ದ ರಸಾಯನಶಾಸ್ತ್ರದ ಕ್ಲಾರೆನ್ಸ್ ಕತ್ತು ಚಾಚಿ, "ಓಹೋ, ಮೇಡಂ ಹೆಸರು! ಎಂತ ಕಂಡುಹಿಡಿದಿರಿ?" ಎಂದರು.

"ಇಲ್ಲ ಎಂದು ಕಂಡುಹಿಡಿದೆವು."

"ಎಂತ ಇಲ್ಲ?"

"ಒಂದು ಮೋಡದಲ್ಲಿ ಬೆಚ್ಚಗಿನ ಅನಿಲ ಇಲ್ಲ."

ಕ್ಲಾರೆನ್ಸ್ ನಗಲು ಹೊರಟು, ಅವಳ ಮುಖ ನೋಡಿ ನಿಲ್ಲಿಸಿದರು. "ಅದನ್ನು ತಿಳಿಯಲಿಕ್ಕೆ ಎಷ್ಟು ಕಾಲ ಹಿಡಿಯಿತು?"

"ಸುಮಾರು ಹಿಡಿಯಿತು" ಎಂದಳು ವಿನೋದಾ.

ಅವರು ಕೈ ಚಾಚಿ ಪ್ರತಿಯನ್ನು ತೆಗೆದುಕೊಂಡು, ಮೊದಲ ಪುಟವನ್ನು ನಿಧಾನವಾಗಿ ಓದಿದರು. ಅರ್ಥವಾಯಿತೋ ಇಲ್ಲವೋ, ಆದರೆ ಕೊನೆಯ ಸಾಲಿನವರೆಗೂ ಓದಿಯೇ ವಾಪಸು ಕೊಟ್ಟರು. ಗಂಟೆ ಹೊಡೆಯಿತು. ವಿನೋದಾಳಿಗೆ ಎರಡನೇ ಬಿ.ಎಸ್ಸಿ.ಯ ಕ್ಲಾಸು. ಅವಳು ಪುಸ್ತಕ, ಚಾಕ್‌ಪೀಸ್ ತೆಗೆದುಕೊಂಡು, ಗಾಳಿಗೆ ನೀರು ಎರಚುತ್ತಿದ್ದ ವೆರಾಂಡದಲ್ಲಿ ಗೋಡೆಯ ಬದಿಗೆ ಸರಿದು ನಡೆದಳು. ಘಾಟಿಯ ಬುಡದ ಹಳ್ಳಿಗಳಿಂದ ಬರುವ ಬಸ್ಸುಗಳು ಹೊಳೆ ತುಂಬಿ ನಿಂತಿದ್ದವು. ಕ್ಲಾಸಿನಲ್ಲಿ ಆರೇಳು ಮಂದಿ ಮಾತ್ರ, ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕುಳಿತಿದ್ದರು. ಅವರನ್ನೆಲ್ಲ ಮುಂದಿನ ಬೆಂಚಿಗೆ ಕರೆದು, ಕಿಟಕಿಗಳನ್ನು ಮುಚ್ಚಿಸಿ, ಅವಳು ಪಾಠ ಶುರುಮಾಡಿದಳು.